ಇಂದುಮತಿಯ ಹೆಪ್ಪು

ಹಾಲು ಹೆಪ್ಪಾಗುವುದನ್ನೇ ನಿಲ್ಲಿಸಿಬಿಟ್ಟರೆ ಏನಾದೀತು ಎಂದು ಯಾರಾದರೂ ಮೊದಲೇ ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅದು ನಿಂತೇ ಹೋಯಿತು. ದೇಶದ ಡೈರಿಗಳೆಲ್ಲ ಅನುಕೂಲಕ್ಕೆಂದು ಒಂದೇ ತಳಿಯ ಹೆಪ್ಪಿಗೆ ಜೋತುಬಿದ್ದಿದ್ದವು. ಆ ತಳಿಯನ್ನು ತಿನ್ನುವ ವೈರಸ್ಸೊಂದು ಅಲ್ಲಿ ಹುಟ್ಟಿ, ಉಂಡು ಬೆಳೆದು, ರೂಪ ಬದಲಿಸಿ ಮನೆಮನೆಯ ಗಡಿಗೆಗೂ ಇಳಿಯಿತು. ಸಂಜೆ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತಿತ್ತು, ಇಲ್ಲವೇ ನಾರುತ್ತಿತ್ತು. ಮನುಷ್ಯರಿಗೆ ಅದರಿಂದ ನೆಗಡಿಯೂ ಬರಲಿಲ್ಲ. ಅದಕ್ಕೇ ಇರಬೇಕು, ಮೊದಮೊದಲು ಯಾರೂ ಗಾಬರಿಯಾಗಲಿಲ್ಲ.

ಆಮೇಲೆ ಗೊತ್ತಾಯಿತು. ಮದುವೆ ಊಟದ ಕೊನೆಗೆ ಮಜ್ಜಿಗೆಯ ಬದಲು ನಿಂಬೆಹಣ್ಣು ಹಿಂಡಿದ ನೀರು ಬಂತು. ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನ ಲಸ್ಸಿ ಅಂಗಡಿಯವನು ಮೊಬೈಲ್ ಕವರು ಮಾರಲು ಕೂತ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಹಾಕಿ ಕುಟ್ಟಿ ಮುದ್ದೆಗಟ್ಟುವ ಮುಟಿಗಿಗೆ ಮೊಸರಿಲ್ಲದೆ ಒಂದು ತಲೆಮಾರಿನ ಮಕ್ಕಳು ಮುಟಿಗಿಯನ್ನೇ ಬೇಡವೆಂದವು. ಸರ್ಕಾರ ಪ್ಯಾಕೆಟ್ಟಿನಲ್ಲಿ ಒಂದು ಪುಡಿ ಹಂಚಿತು. ಅದರಿಂದ ಆದದ್ದು ಬಿಳಿಯದಾಗಿತ್ತು, ಗಟ್ಟಿಯಾಗಿತ್ತು, ಮೊಸರು ಮಾತ್ರ ಆಗಿರಲಿಲ್ಲ. ನನ್ನನ್ನು ಸಾಕಿದ ಚಿಗವ್ವ ಅದನ್ನು ಒಮ್ಮೆ ಬಾಯಿಗಿಟ್ಟು, "ಸುಣ್ಣಾ ಕಲಿಸಿಟ್ಟಾರ" ಎಂದು ತಟ್ಟೆ ಸರಿಸಿದಳು. ಆದರೂ ಅಡುಗೆಮನೆಯ ಗೂಡಿನಲ್ಲಿದ್ದ ಹಿತ್ತಾಳೆಯ ಹೆಪ್ಪಿನ ಬಟ್ಟಲನ್ನು ಅವಳು ದಿನಾ ತೊಳೆದಿಡುವುದನ್ನು ಬಿಡಲಿಲ್ಲ. ಖಾಲಿ ಬಟ್ಟಲನ್ನು ಯಾಕೆ ತೊಳೆಯುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಧಾರವಾಡದ ಹೊರಗೆ ಹೆಪ್ಪು ರಕ್ಷಣಾ ಕೇಂದ್ರ ಎದ್ದದ್ದು ಆಗ. ನಾನು ಅಲ್ಲಿ ಸೇರಿದ್ದು ಬುದ್ಧಿಯಿಂದಲ್ಲ, ಅದೃಷ್ಟದಿಂದ. ಓದುವಾಗ ಪರೀಕ್ಷೆಗೆಂದು ಒಂದು ಚಿಕ್ಕ ಪ್ರಾಜೆಕ್ಟ್ ಮಾಡಿದ್ದೆ. ಊರಿನ ಓಣಿಓಣಿ ತಿರುಗಿ ಮನೆಗಳ ಮೊಸರು ಬೇಡಿ ತಂದು, ಅವುಗಳ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ನೋಡಿದ್ದೆ. ಪ್ರತಿ ಬ್ಯಾಕ್ಟೀರಿಯಾದ ಮೈ ಸುತ್ತ ತೆಳುವಾದ ಜಿಡ್ಡಿನ ಪೊರೆ ಇರುತ್ತದೆ. ಆ ಪೊರೆಯಲ್ಲಿ ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂಬುದು ತಳಿಯಿಂದ ತಳಿಗೆ ಬೇರೆ. ಅದನ್ನು ಕಾಯಿಸಿ ಆವಿ ಮಾಡಿ ಉದ್ದನೆಯ ನಳಿಕೆಯಲ್ಲಿ ಹಾಯಿಸಿದರೆ ಒಂದೊಂದು ಆಮ್ಲ ಒಂದೊಂದು ಹೊತ್ತಿಗೆ ಹೊರಬರುತ್ತದೆ, ಪರದೆಯ ಮೇಲೆ ಗುಡ್ಡಗಳ ಸಾಲೊಂದು ಮೂಡುತ್ತದೆ. ಅಣ್ಣತಮ್ಮಂದಿರಂಥ ತಳಿಗಳ ಗುಡ್ಡಸಾಲು ಒಂದೇ ರೀತಿ ಇರುತ್ತದೆ. ಆಗ ನನಗೆ ಸಿಕ್ಕ ಅಂಕ ಸುಮಾರಿನದು. ಮೊಸರು ಸತ್ತ ಮೇಲೆ ಮಾತ್ರ, ಹಳೆಯ ಮನೆ ಹೆಪ್ಪುಗಳ ಗುರುತು ಎಲ್ಲಾದರೂ ಉಳಿದಿದ್ದರೆ ಅದು ನನ್ನ ಆ ನಕ್ಷೆಗಳಲ್ಲಿ ಎಂದು ತಿಳಿದು ನನ್ನನ್ನು ಹುಡುಕಿಕೊಂಡು ಬಂದರು. ಡಿಎನ್‌ಎ ನೋಡಬಹುದಿತ್ತಲ್ಲ ಎನ್ನುವವರಿದ್ದಾರೆ. ಹೋಲಿಸಲು ಹಳೆಯ ಡಿಎನ್‌ಎ ಬೇಕಲ್ಲ. ಚಿಗವ್ವನ ಗಡಿಗೆಯ ಡಿಎನ್‌ಎ ಓದಿಸಿಡಬೇಕೆಂದು ಯಾರಿಗೆ ತೋಚಿತ್ತು?

ಕೇಂದ್ರದ ಕೆಲಸ ಸರಳ. ಯಾರದಾದರೂ ಮನೆಯಲ್ಲಿ ಹಳೆಯ ಹೆಪ್ಪು ಬದುಕಿದೆ ಎಂದು ಕಳಿಸಿದರೆ ಅದನ್ನು 'ಜಿಡ್ಡುಗಣ್ಣಿ'ಗೆ ಹಾಕುವುದು. ಅಂಗೈಯಗಲದ ಆ ಯಂತ್ರ ಹಾಲಿನ ಕೊಬ್ಬನ್ನು ಸೋಸಿ ತೆಗೆದು, ಬ್ಯಾಕ್ಟೀರಿಯಾದ ಕೊಬ್ಬನ್ನಷ್ಟೇ ನಿಮಿಷಗಳಲ್ಲಿ ಓದಿ ಹೇಳುತ್ತಿತ್ತು. ಹಳೆಯ ನಕ್ಷೆಗೆ ಹೊಂದಿದರೆ ಆ ಹೆಪ್ಪನ್ನು ಬೆಳೆಸಿ ಕಾಪಾಡುವುದು, ಹೊಂದದಿದ್ದರೆ ಶನಿವಾರ ಕುದಿಸಿ ಚೆಲ್ಲುವುದು. ಬಂದವುಗಳಲ್ಲಿ ಮುಕ್ಕಾಲು ಪಾಲು ಮೆಣಸಿನಕಾಯಿ ತೊಟ್ಟಿನವು. ಹೆಪ್ಪು ಸಿಗದಾಗ ಬೆಚ್ಚಗಿನ ಹಾಲಿಗೆ ಮೆಣಸಿನಕಾಯಿಯ ತೊಟ್ಟು ಹಾಕಿಡುವುದು ನಮ್ಮ ಕಡೆಯ ರೂಢಿ. ಆ ತೊಟ್ಟಿನ ಮೇಲಿನ ಕಾಡು ಬ್ಯಾಕ್ಟೀರಿಯಾ ಹೇಗೋ ಹಾಲನ್ನು ಗಟ್ಟಿ ಮಾಡುತ್ತದೆ. ಅಂಥದ್ದನ್ನೇ ಜನ ಅಜ್ಜಿಯ ಕಾಲದ್ದೆಂದು ಕಳಿಸುತ್ತಿದ್ದರು. ಅದರಲ್ಲಿ ವೈರಸ್ಸು ಅಡಗಿರುವ ಭಯವಿತ್ತು, ಹಾಗಾಗಿ ಶನಿವಾರ ನಮ್ಮ ಕುದಿಯುವ ಪಾತ್ರೆಗೆ ಬಿಡುವಿರುತ್ತಿರಲಿಲ್ಲ.

ಡಿಸೆಂಬರಿನ ಒಂದು ಬುಧವಾರ ಹಿಮಾಚಲದಿಂದ ಐಸು ತುಂಬಿದ ಪೆಟ್ಟಿಗೆ ಬಂತು. ಒಳಗೆ ಮುಚ್ಚಳದ ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ಮೊಸರು. ಡಬ್ಬಿಯ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು: ಸೌ. ಇಂದುಮತಿ.

ಅದು ನನ್ನ ಅವ್ವನ ಹೆಸರು.

ಅವ್ವನನ್ನು ನಾನು ನೋಡಿದ ನೆನಪಿಲ್ಲ. ಅಪ್ಪ ಸೈನ್ಯದಲ್ಲಿದ್ದ. ಹಿಮಾಲಯದ ತಪ್ಪಲಿನ ಕ್ಯಾಂಪಿನಲ್ಲಿದ್ದಾಗ ನ್ಯುಮೋನಿಯಾ ಆಗಿ ಅವ್ವ ತೀರಿಕೊಂಡಳು. ನಾನಾಗ ಇನ್ನೂ ಅಂಬೆಗಾಲಿಡುತ್ತಿರಲಿಲ್ಲ. ಅಪ್ಪ ನನ್ನನ್ನು ತಂದು ಅವ್ವನ ತಂಗಿಯ ಮಡಿಲಿಗೆ ಹಾಕಿ ಹೋದ, ಕೆಲವು ವರ್ಷಗಳಲ್ಲಿ ಅವನೂ ಇಲ್ಲವಾದ. ಅವ್ವನದೆಂದು ನನ್ನ ಬಳಿ ಇದ್ದದ್ದು ಒಂದು ಫೋಟೋ ಮಾತ್ರ. ಅದರಲ್ಲೂ ಅವಳು ಬಿಸಿಲಿಗೆ ಕಣ್ಣು ಮುಚ್ಚಿಕೊಂಡಿದ್ದಾಳೆ.

ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಫೋನು ಹಚ್ಚಿ ಹೆಸರು ಹೇಳಿದೆ. ಆ ಕಡೆಯಿಂದ ಬಂದ ದನಿ ಶುದ್ಧ ಧಾರವಾಡದ್ದು.

"ಡಬ್ಬಿ ಮುಟ್ಟಿತೇನವಾ? ನಾ ಜೈತುನಬಿ. ನಿಮ್ಮ ಅವ್ವನ ಬಾಜೂ ಕ್ವಾರ್ಟರ್ಸಿನ್ಯಾಕಿ. ನಮ್ಮವರು ಮಿಲಿಟರಿ ಗಾಡಿ ಹೊಡೀತಿದ್ರು. ರಿಟಾಯರ್ ಆದಮ್ಯಾಗ ಇಲ್ಲೇ ಒಂದು ಚಾದಂಗಡಿ ಹಾಕ್ಕೊಂಡು ಉಳಕೊಂಡ್ವಿ. ಮೊನ್ನಿ ಟೀವ್ಯಾಗ ಹೆಪ್ಪಿನ ಸುದ್ದಿ ಹೇಳಾಕತ್ತಿದ್ದಿ ನೋಡು, ನಿನ್ನ ಗಲ್ಲಾ ನೋಡಿ ಎದಿ ಝಲ್ ಅಂತು. ಥೇಟ್ ಇಂದೂನ ಗಲ್ಲಾ."

ನಾನು ಡಬ್ಬಿಯನ್ನು ಹತ್ತಿರ ಎಳೆದುಕೊಂಡೆ. ಅವರೇ ಮುಂದುವರಿಸಿದರು.

"ತವರುಮನಿ ಹೆಪ್ಪು ಅಂತ ಧಾರವಾಡದಿಂದ ಜ್ವಾಪಾನ ಮಾಡಿ ತಂದಿದ್ಳು. ನನ್ನ ಹೆಪ್ಪು ಕೆಟ್ಟಾಗ ಈ ಡಬ್ಬ್ಯಾಗ ಹಾಕಿ ಕೊಟ್ಳು. ಖಾಲಿ ಡಬ್ಬಿ ತಿರುಗಿ ಹ್ಯಾಂಗ ಕೊಡೂದು? ಒಂದು ಮುಷ್ಟಿ ಸಕ್ಕರಿ ಹಾಕಿ ಕೊಡೂಣಂತ ತರಾಕ ಪ್ಯಾಟಿಗೆ ಹೋಗಿದ್ದೆ. ಬರೂದ್ರಾಗ ಆಕಿನ್ನ ದವಾಖಾನಿಗೆ ಒಯ್ದಿದ್ರವಾ. ಡಬ್ಬಿ ನನ್ನ ಹಂತ್ಯಾಕನ ಉಳೀತು. ಹೆಪ್ಪನ್ನರ ಉಳಸಬೇಕಂತ ಒಂದ ದಿನಾನೂ ಸಾಯಗೊಟ್ಟಿಲ್ಲ. ಇಲ್ಲಿ ಥಂಡಿ ಭಾಳ, ಎರಡು ದಿನಾ ರಜಾಯಿ ಸುತ್ತಿ ಇಟ್ರ ಮೊಸರಾಗತೈತಿ."

ಅವರು ಇರುವ ಊರು ರಸ್ತೆಯ ಕೊನೆ. ಡೈರಿಯ ಪ್ಯಾಕೆಟ್ಟು ಅಲ್ಲಿಗೆ ಹೋಗುವುದಿಲ್ಲ, ಹಾಗಾಗಿ ವೈರಸ್ಸೂ ಹೋಗಿರಲಿಲ್ಲ. ಅವ್ವ ಕೈಯಾರೆ ಹಾಕಿಕೊಟ್ಟ ಹೆಪ್ಪು ದಿನದಿಂದ ದಿನಕ್ಕೆ ಹಾಲು ಕುಡಿದು, ಒಡೆದು, ಇಮ್ಮಡಿಯಾಗಿ ನನ್ನ ಮೇಜಿನ ಮೇಲೆ ಬಂದು ಕೂತಿತ್ತು. ನನ್ನ ಬಳಿ ಚಿಗವ್ವನ ಮೊಸರಿನ ಹಳೆಯ ನಕ್ಷೆ ಇತ್ತು. ಅಕ್ಕತಂಗಿಯರಿಬ್ಬರೂ ಒಂದೇ ತವರಿನ ಗಡಿಗೆಯಿಂದ ಹೆಪ್ಪು ಒಯ್ದವರು. ಎರಡೂ ಹೊಂದಲೇಬೇಕು.

ಒಂದು ಚಮಚ ತೆಗೆದು ಜಿಡ್ಡುಗಣ್ಣಿಗೆ ಹಾಕಿದೆ. ಗುಡ್ಡಗಳು ಮೂಡಿದವು. ಆ ತವರಿನ ತಳಿಗೆ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ದಿಬ್ಬ ಇರುತ್ತದೆ, ಬೇರೆ ಯಾವ ಮನೆಯ ಹೆಪ್ಪಿನಲ್ಲೂ ನಾನದನ್ನು ಕಂಡಿಲ್ಲ. ಇಲ್ಲಿ ಅದು ಕಾಣಲಿಲ್ಲ. ದೊಡ್ಡ ಗುಡ್ಡ ಇರಬೇಕಾದಲ್ಲಿ ಚಿಕ್ಕದು, ಚಿಕ್ಕದಿರಬೇಕಾದಲ್ಲಿ ದೊಡ್ಡದು. ಯಂತ್ರ ಕೆಂಪು ಅಕ್ಷರದಲ್ಲಿ ಬರೆಯಿತು: ಹೊಂದುವುದಿಲ್ಲ. ಮತ್ತೆ ಹಾಕಿದೆ. ಮತ್ತೆ ಅದೇ.

ಮಾದರಿಯನ್ನು ಶನಿವಾರದ ಟ್ರೇಯಲ್ಲಿಟ್ಟು, ಡಬ್ಬಿಯನ್ನು ತೊಳೆದು ಕಾಯಿಸಿ ಶುದ್ಧ ಮಾಡಿ ಚೀಲಕ್ಕೆ ಹಾಕಿಕೊಂಡೆ. ಮರುದಿನ ಮನಸ್ಸು ಗಟ್ಟಿ ಮಾಡಿಕೊಂಡು ಫೋನು ಮಾಡಿ, ಅವರ ಮಾತಿನಲ್ಲೇ ಚಿಕ್ಕಮ್ಮನೆಂದು ಕರೆದೆ.

"ಖಾಲಾ, ಹೊಂದಲಿಲ್ರಿ. ನಡುವ ಯಾವಾಗರ ಹೆಪ್ಪು ಕೆಟ್ಟು, ನೀವು ಮೆಣಸಿನಕಾಯಿ ತೊಟ್ಟು ಗಿಟ್ಟು ಹಾಕಿದ್ರೇನು?"

"ಇಲ್ಲವಾ. ಎಲ್ಲೆರ ಹೋಗೂದಿದ್ರ ಬಾಜೂ ಮನಿಯಾಕಿ ಕೈಯಾಗ ಕೊಟ್ಟು ಹೋಗತಿದ್ದೆ." ಆಮೇಲೆ ಅವರಿಗೆ ತಮ್ಮ ಮೇಲೇ ಅನುಮಾನ ಬಂತು. "ಆದ್ರ ಮಷಿನ್ ಯಾಕ ಸುಳ್ಳು ಹೇಳೀತು? ಎಲ್ಲೋ ನನ್ನ ಕೈಯಾಗ ಕೆಟ್ಟಿರಬೇಕು, ನನಗ ತಿಳೀಲಿಲ್ಲ. ಇಷ್ಟು ವರ್ಷ ದಿನಾ ಮುಂಜಾನೆ ಮುಚ್ಚಳ ತಗದು ಇಂದೂ ಅದಾಳ ಅನಕೊಂತಿದ್ದೆ. ತಪ್ಪು ತಿಳೀಬ್ಯಾಡ ಕೂಸ."

ನಾನು ತಪ್ಪು ತಿಳಿದಿರಲಿಲ್ಲ. ಅಳು ಬಂದಿತ್ತು, ಅಷ್ಟೆ. ಆ ಹೆಂಗಸಿನ ಇಷ್ಟು ವರ್ಷದ ಮುಂಜಾನೆಗಳನ್ನು ನಾನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದೆ.

ಮನೆಯಲ್ಲಿ ಚಿಗವ್ವ ಡಬ್ಬಿಯ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದಳು. ನನ್ನ ಮುಖ ನೋಡಿ ಅವಳಿಗೆ ಸಿಟ್ಟು ಬಂತು.

"ನನ್ನ ಮೊಸರು ಉಂಡು ಬೆಳದಾಕಿ ನೀ. ಅದು ಸತ್ತಾಗ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ಈಗ ಎರಡು ದಿನ ಆತು, ಉಣವಲ್ಲಿ, ಮಾತಾಡವಲ್ಲಿ."

"ಹಂಗಲ್ಲ ಚಿಗವ್ವ..."

"ಹಂಗಾ ಐತಿ ಬಿಡು." ಆಮೇಲೆ ದನಿ ಇಳಿಸಿ, "ಆಕಿ ನನಗೂ ಅಕ್ಕನಾ" ಎಂದಳು.

ಶನಿವಾರ ಬೆಳಿಗ್ಗೆ ಕೇಂದ್ರಕ್ಕೆ ಹೋಗಲು ಕಾಲೇ ಏಳಲಿಲ್ಲ. ಚಿಗವ್ವ ನನ್ನನ್ನು ಹಿತ್ತಲ ಬಾಗಿಲ ಬಿಸಿಲಿಗೆ ಕೂರಿಸಿ ತಲೆಗೆ ಎಣ್ಣೆ ಹಚ್ಚಲು ಬಂದಳು. ಅವಳ ಸಿಟ್ಟು ಇಳಿದಾಗ ಹೀಗೇ. ಕೊಬ್ಬರಿ ಎಣ್ಣೆ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗಿತ್ತು. ಅದನ್ನು ಬಿಸಿನೀರಿನಲ್ಲಿ ಅದ್ದಿಟ್ಟು ಕರಗಿಸಿ ನೆತ್ತಿಗೆ ತಟ್ಟತೊಡಗಿದಳು. ನನ್ನ ಕಣ್ಣು ಕಿಟಕಿಯ ಕಟ್ಟೆಯ ಮೇಲಿತ್ತು. ಅಲ್ಲಿ ಅಡುಗೆಯ ಶೇಂಗಾ ಎಣ್ಣೆಯ ಬಾಟಲಿ ಇತ್ತು. ಅದೇ ಚಳಿ, ಅದೇ ಕಟ್ಟೆ. ಕೊಬ್ಬರಿ ಎಣ್ಣೆ ಕಲ್ಲಾಗಿತ್ತು, ಶೇಂಗಾ ಎಣ್ಣೆ ನೀರಿನಂತೆ ತೆಳ್ಳಗಿತ್ತು.

ನಾನು ತಟ್ಟನೆ ನೆಟ್ಟಗೆ ಕೂತೆ.

ಬ್ಯಾಕ್ಟೀರಿಯಾದ ಪೊರೆ ಕಲ್ಲಾಗುವಂತಿಲ್ಲ, ಕಲ್ಲಾದರೆ ಅದಕ್ಕೆ ಸಾವು. ಅದಕ್ಕೇ ಚಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ತನ್ನ ಪೊರೆಯಲ್ಲಿ ಹೆಪ್ಪುಗಟ್ಟುವ ಕೊಬ್ಬನ್ನು ಕಡಿಮೆ ಮಾಡಿ, ಹರಿಯುವ ಕೊಬ್ಬನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಮನುಷ್ಯ ಸ್ವೆಟರು ಹಾಕಿಕೊಂಡಂತೆ. ಸ್ವೆಟರು ಹಾಕಿದವಳು ಬೇರೆ ಹೆಂಗಸಾಗುವುದಿಲ್ಲ. ಅದಕ್ಕಾಗಿಯೇ, ತಳಿಗಳನ್ನು ಹೋಲಿಸುವ ಮೊದಲು ಅವನ್ನು ಒಂದೇ ಆಹಾರದಲ್ಲಿ, ಒಂದೇ ಶಾಖದಲ್ಲಿ ಬೆಳೆಸಬೇಕು. ಇದು ಮೊದಲ ಪಾಠ. ಪ್ರತಿ ವರ್ಷ ಹೊಸಬರಿಗೆ ನಾನೇ ಹೇಳಿಕೊಡುವ ಪಾಠ! ಅವಸರದ ದಿನಗಳಲ್ಲಿ ನಾವು ಅದನ್ನು ಬಿಟ್ಟು, ಬಂದ ಮೊಸರನ್ನು ಬಂದ ಹಾಗೆಯೇ ಯಂತ್ರಕ್ಕೆ ಹಾಕುತ್ತಿದ್ದೆವು. ಬೆಚ್ಚಗಿನ ಬಯಲುಸೀಮೆಯ ಮನೆಗಳಿಗೆ ಅಂದಾಜು ಸರಿಹೋಗುತ್ತಿತ್ತು. ರಜಾಯಿ ಸುತ್ತಿ ಎರಡು ದಿನ ಕಾಯುವ ಊರಿಗೆ ಹೇಗೆ ಸರಿಹೋದೀತು? ರಜಾಯಿಯ ಮಾತನ್ನು ಅವರು ಹೇಳಿಯೂ ಇದ್ದರು. ಬೇರೆ ಯಾರದೋ ಡಬ್ಬಿಯಾಗಿದ್ದರೆ ಆಗಲೇ ಹೊಳೆಯುತ್ತಿತ್ತೇನೋ. ಅವ್ವನದೆಂಬ ಆತುರದಲ್ಲಿ ನನ್ನ ಬುದ್ಧಿ ಕೆಲಸ ಮಾಡಿರಲಿಲ್ಲ.

"ಚಿಗವ್ವ, ಬಿಡು! ಕುದಿಸಿಬಿಡತಾರ!" ಎಂದು ಎದ್ದೋಡಿದೆ. ಎಣ್ಣೆಯ ಬಟ್ಟಲು ಹಿಡಿದ ಚಿಗವ್ವ, "ಜಡಿಯರ ಹಾಕ್ಕೊಂಡು ಹೋಗ" ಎಂದು ಕೂಗುವಷ್ಟರಲ್ಲಿ ನನ್ನ ಗಾಡಿ ಓಣಿ ದಾಟಿತ್ತು.

ಟ್ರೇ ಆಗಲೇ ಕುದಿಯುವ ಪಾತ್ರೆಯೊಳಗಿತ್ತು. ಮುಚ್ಚಳ ಇನ್ನೂ ಬಿಗಿದಿರಲಿಲ್ಲ, ನೀರು ಕಾದಿರಲಿಲ್ಲ. ಪಕ್ಕದಲ್ಲಿ ನಮ್ಮ ಮುಖ್ಯಸ್ಥರಾದ ಡಾಕ್ಟರ್ ಹಲಗೇರಿ ಚಹಾದ ಕಪ್ಪು ಹಿಡಿದು ನಿಂತಿದ್ದರು. ನನ್ನ ಕೂದಲಿನಿಂದ ಎಣ್ಣೆ ಹಣೆಗೆ ಇಳಿಯುತ್ತಿತ್ತು.

"ಏನ್ರೀ ಕಸ್ತೂರಿ, ತಲಿಗೆ ಏನಿದು?"

"ಕೊಬ್ಬರಿ ಎಣ್ಣಿರಿ ಸರ್. ಅದನ್ನ ಹೇಳಾಕ ಓಡಿ ಬಂದೇನಿ."

ಉಸಿರು ಬಿಡುತ್ತ ಎಲ್ಲ ಹೇಳಿದೆ. ಪರದೆಯ ಮೇಲೆ ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ವ್ಯತ್ಯಾಸಗಳೆಲ್ಲ ಒಂದೇ ದಿಕ್ಕಿಗಿದ್ದವು. ಗಟ್ಟಿ ಕೊಬ್ಬುಗಳೆಲ್ಲ ತಗ್ಗಿದ್ದವು, ತೆಳು ಕೊಬ್ಬುಗಳೆಲ್ಲ ಏರಿದ್ದವು. ಬೇರೆ ತಳಿಯಾಗಿದ್ದರೆ ವ್ಯತ್ಯಾಸ ಇಷ್ಟು ಶಿಸ್ತಾಗಿ ಇರುತ್ತಿರಲಿಲ್ಲ. ಬೆಚ್ಚಗೆ ಬೆಳೆದಾಗ ಮಾತ್ರ ತಲೆ ಎತ್ತುವ ಆ ಪುಟ್ಟ ದಿಬ್ಬ, ಯಂತ್ರ ಲೆಕ್ಕಕ್ಕೇ ಹಿಡಿಯದಷ್ಟು ಕೆಳಗಿರಬಹುದು.

"ಇದು ನಿಮ್ಮ ತಾಯೀದಂತ ಕೇಳಾಕತ್ತೀರೋ, ವಿಜ್ಞಾನ ಅಂತ ಕೇಳಾಕತ್ತೀರೋ?"

"ಎರಡೂ ಹೌದ್ರಿ ಸರ್. ಸುಳ್ಳು ಯಾಕ ಹೇಳಲಿ?"

ಅವರು ಚಹಾ ಕೆಳಗಿಟ್ಟರು. ತಪಾಸಣೆಯಲ್ಲಿ ಹೊಂದದ ಹೆಪ್ಪನ್ನು ಬೆಳೆಸಬಾರದೆಂಬ ನಿಯಮ ಮಾಡಿದವರೇ ಅವರು. ಆದರೆ ಅವರ ಮುಖ ಸಪ್ಪಗಾದದ್ದು ಅದಕ್ಕಲ್ಲ.

"ಹಿಂದ ಊಟಿ ಕಡಿಯಿಂದ, ಕಾಶ್ಮೀರದ ಕಡಿಯಿಂದ ಬಂದಿದ್ವಲ್ರೀ" ಎಂದರು ನಿಧಾನವಾಗಿ. "ಅವನ್ನೂ ನಾವು ಹಿಂಗ..."

ಎಷ್ಟು ಮನೆಗಳ ಅವ್ವಂದಿರನ್ನು ನಾವು ಈ ಪಾತ್ರೆಯಲ್ಲಿ ಕುದಿಸಿದ್ದೆವೋ ಗೊತ್ತಿಲ್ಲ. ಹಲಗೇರಿಯವರು ಪಾತ್ರೆಯ ಸ್ವಿಚ್ಚು ತೆಗೆದು, ಇಡೀ ಟ್ರೇಯನ್ನು ಹೊರಗೆತ್ತಿ, "ಮುಚ್ಚಿದ ಕೋಣಿಯೊಳಗ ಬೆಳಸೂಣು. ಆದ್ರ ನೀವು ಕೈ ಹಚ್ಚಬ್ಯಾಡ್ರಿ" ಎಂದರು.

ಅದು ನ್ಯಾಯವಾಗಿತ್ತು. ನನ್ನ ಆಸೆ ನನ್ನ ಕಣ್ಣನ್ನು ವಾಲಿಸಬಹುದಲ್ಲ. ಅವರೇ ಮೂರು ಸೀಸೆ ತಯಾರು ಮಾಡಿದರು. ಒಂದರಲ್ಲಿ ಸರ್ಕಾರಿ ಪುಡಿ, ಒಂದರಲ್ಲಿ ಮೆಣಸಿನ ತೊಟ್ಟಿನದು, ಒಂದರಲ್ಲಿ ಜೈತುನಬಿಯವರದು. ಮೇಲೆ ಹೆಸರಿಲ್ಲ, ಬರೀ ಬಣ್ಣದ ಚೀಟಿ. ಯಾವ ಬಣ್ಣ ಯಾವುದರದೆಂದು ಅವರಿಗೊಬ್ಬರಿಗೇ ಗೊತ್ತು. ಮೂರಕ್ಕೂ ಒಂದೇ ಆಹಾರ, ನನ್ನ ಹಳೆಯ ಪ್ರಾಜೆಕ್ಟಿನಲ್ಲಿ ಕೊಟ್ಟಿದ್ದ ಅದೇ ಮೈಶಾಖದ ಬಿಸಿ. ಹಳೆಯ ಚಳಿಯ ಪೊರೆ ಪೂರ್ತಿ ಬದಲಾಗಲೆಂದು ದಿನಕ್ಕೊಮ್ಮೆ ಹೊಸ ಸೀಸೆಗೆ ದಾಟಿಸುತ್ತ ಹೋದರು. ನಾನು ಗಾಜಿನ ಆಚೆ ನಿಂತು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನಂತೆ ಸುಮ್ಮನೆ ಅತ್ತಿತ್ತ ತಿರುಗಾಡಿದೆ. ಆ ದಿನಗಳಲ್ಲಿ ಜೈತುನಬಿಯವರಿಗೆ ಫೋನು ಮಾಡಲಿಲ್ಲ. ಇನ್ನೊಮ್ಮೆ ಆಸೆ ಹುಟ್ಟಿಸಿ ಇನ್ನೊಮ್ಮೆ ಕಿತ್ತುಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ.

ಓದುವ ದಿನ ಬಂತು. ಹಸಿರು ಚೀಟಿಯದನ್ನು ಹಾಕಿದರು, ಹೊಂದಲಿಲ್ಲ. ಕೆಂಪು ಚೀಟಿಯದೂ ಹೊಂದಲಿಲ್ಲ. ಹಳದಿ ಚೀಟಿಯದು ಪರದೆಯ ಮೇಲೆ ಎಡದಿಂದ ಬಲಕ್ಕೆ ಮೂಡತೊಡಗಿತು. ದೊಡ್ಡ ಗುಡ್ಡ ದೊಡ್ಡದಾಗಿಯೇ ಎದ್ದಿತು. ಚಿಕ್ಕದು ಚಿಕ್ಕದಾಗಿಯೇ ಉಳಿಯಿತು. ಗೆರೆ ನೆಲಕ್ಕಿಳಿದು ಸಪಾಟಾಗಿ ಸಾಗಿತು, ಆಮೇಲೆ ಕೊನೆಯಲ್ಲಿ ಆ ಪುಟ್ಟ ದಿಬ್ಬ ಮೆಲ್ಲಗೆ ತಲೆ ಎತ್ತಿತು.

ಹಲಗೇರಿಯವರು ಜೇಬಿನಿಂದ ಬಣ್ಣಗಳ ಪಟ್ಟಿ ತೆಗೆದು, ಹಳದಿ ಜೈತುನಬಿಯವರದೆಂದು ತೋರಿಸಿದರು. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಗೆ ಹೋದರು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಮನಸ್ಸು ಬಿಚ್ಚಿ ಅತ್ತೆ.

ಫೋನು ಎತ್ತಿದ ಜೈತುನಬಿಯವರಿಗೆ ವಿಷಯ ಹೇಳಿದಾಗ ಅವರು ಅದನ್ನು ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ, "ಹಂಗಾರ ಬಿಸಿಗೆ ಬಂದಮ್ಯಾಗ ಅದು ಮತ್ತ ಇಂದೂನ ಹೆಪ್ಪಾತೇನು?" ಎಂದರು.

"ಮತ್ತ ಆಗಿದ್ದಲ್ರಿ ಖಾಲಾ. ನಿಮ್ಮಲ್ಲಿ ಇದ್ದಾಗೂ ಅದು ಆಕಿದಾ ಇತ್ತು. ಥಂಡಿಗೆ ಬ್ಯಾರೆ ಅಂಗಿ ಹಾಕ್ಕೊಂಡಿತ್ತು, ಅಷ್ಟಾ."

"ನಾನೂ ಹಂಗಾ ನೋಡವಾ" ಎಂದು ಅವರು ಅಳುತ್ತಲೇ ನಕ್ಕರು. "ಮ್ಯಾಲಿನ ಅಂಗಿ ಇಲ್ಲೀದು."

ವೈರಸ್ಸಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಬಟ್ಟಲು ಹೆಪ್ಪನ್ನು ಮನೆಗೊಯ್ಯಲು ಅಪ್ಪಣೆ ಸಿಕ್ಕಿತು. ಸಂಜೆ ಚಿಗವ್ವ ಹಾಲಿನ ಬಿಸಿಯನ್ನು ಕಿರುಬೆರಳು ಅದ್ದಿ ನೋಡಿದಳು, ಹೆಪ್ಪು ಹಾಕಿದಳು, ಗಡಿಗೆಗೆ ತನ್ನದೇ ಶಾಲು ಸುತ್ತಿದಳು. ಬೆಳಿಗ್ಗೆ ಮುಚ್ಚಳ ತೆಗೆದಾಗ ಮೊಸರು ಕೆನೆಗಟ್ಟಿ ನಿಂತಿತ್ತು. ನಾನು ತಟ್ಟೆ ಹಿಡಿದು ಕೂತಿದ್ದೆ. ಅವಳು ನನಗೆ ಬಡಿಸಲಿಲ್ಲ. ಗೂಡಿನಿಂದ ಹಿತ್ತಾಳೆಯ ಬಟ್ಟಲು ತೆಗೆದು, ಮೊದಲ ಸೌಟನ್ನು ಅದಕ್ಕೆ ಹಾಕಿ, ನಾಳೆಗೆಂದು ಮುಚ್ಚಿಟ್ಟಳು. ಆಮೇಲೆ ನನಗೆ, ಆಮೇಲೆ ತನಗೆ.

ಒಂದು ತುತ್ತು ನುಂಗಿ ಅವಳು ತಟ್ಟೆ ನೋಡುತ್ತಲೇ ಕೂತಳು.

"ಯಾರ ಮೊಸರಿನಂಗ ಐತಿ ಚಿಗವ್ವ? ನಿಂದೋ, ಅವ್ವಂದೋ?"

"ನಮ್ಮವ್ವಂದು" ಎಂದಳು. ಕಣ್ಣು ಒರೆಸಿಕೊಂಡು, "ಇಬ್ಬರೂ ಒಯ್ದದ್ದು ಆಕಿದನಲ್ಲ" ಎಂದು ಇನ್ನೊಂದು ಸೌಟು ನನ್ನ ತಟ್ಟೆಗೆ ಹಾಕಿದಳು. ಅವಳಿಗೆ ನನ್ನ ಮೇಲಿದ್ದ ಮುನಿಸು ಅಲ್ಲಿಗೆ ಮುಗಿಯಿತು.

ಡಬ್ಬಿ ಮಾತ್ರ ಉಳಿದಿತ್ತು. ನಾನು ಅದನ್ನು ಅವ್ವನ ಫೋಟೋದ ಮುಂದೆ ಇಡಬೇಕೆಂದಿದ್ದೆ. ಚಿಗವ್ವ ಒಪ್ಪಲಿಲ್ಲ. ಹೆಪ್ಪು ಬಂದ ಡಬ್ಬಿ ತಿರುಗಿ ಹೋಗಬೇಕು, ಖಾಲಿ ಹೋಗಬಾರದು. ಬಾಯಿಮಟ ಸಕ್ಕರೆ ತುಂಬಿ, ಬಟ್ಟೆ ಸುತ್ತಿ ಕಳಿಸಿದೆವು.

ಹತ್ತು ದಿನ ಬಿಟ್ಟು ಜೈತುನಬಿಯವರ ಫೋನು ಬಂತು.

"ಸಕ್ಕರಿ ಮುಟ್ಟಿತವಾ. ಅವತ್ತ ನಾ ತರಾಕ ಹೋಗಿದ್ದು ಇದ... ಇವತ್ತ ನನ್ನ ಮನೀಗೇ ಬಂತು. ಓಣಿ ಮಂದಿಗೆಲ್ಲಾ ಚಾ ಮಾಡಿ ಕುಡಿಸಿದೆ. ಈಗ ಡಬ್ಬಿ ಖಾಲಿ ಆಗೇತಿ. ಏನು ತುಂಬಿ ಕಳಸ್ಲಿ, ಹೇಳು."

"ಕಳಸಬ್ಯಾಡ್ರಿ" ಎಂದೆ. "ನೀವಾ ಹಿಡಕೊಂಡು ಬರ್ರಿ."

ಫೋನು ಇನ್ನೂ ನನ್ನ ಕಿವಿಯಲ್ಲಿತ್ತು. ಈ ಕಡೆ ಚಿಗವ್ವ ಆಗಲೇ ಅಟ್ಟದ ಮೇಲಿನ ಹಾಸಿಗೆ ಇಳಿಸಿ ಅಂಗಳದ ಬಿಸಿಲಿಗೆ ಹಾಕುತ್ತಿದ್ದಳು.